ಬ್ರೇಕ್ ಡಿಸ್ಕ್ ಬದಲಿಸಲು ಹಿಂಭಾಗವನ್ನೇ ಇಳಿಸಬೇಕು!

1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಸ್ಪೋರ್ಟ್ಸ್ ಕಾರಿನ ಹಿಂದಿನ ಬ್ರೇಕ್ ಡಿಸ್ಕ್‌ಗಳು ಚಕ್ರದಲ್ಲಿಲ್ಲ. ನಡುವಿನ ಡಿಫರೆನ್ಷಿಯಲ್‌ನ ಎರಡೂ ಮಗ್ಗುಲಿಗಿವೆ! ಚಕ್ರದ ಭಾರ ತಗ್ಗಿ ಸವಾರಿ ನಯವಾಗಲೆಂದೇ ಈ ಏರ್ಪಾಡು. ಕಾರು ತಿರುಗಿದಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಉರುಳಬೇಕಲ್ಲ, ಅದಕ್ಕೆ ಅನುವು ಮಾಡಿಕೊಡುವುದೇ ಡಿಫರೆನ್ಷಿಯಲ್. ಇ-ಟೈಪ್‌ನಲ್ಲಿ ಅದೂ ಬ್ರೇಕೂ ಸಸ್ಪೆನ್ಷನ್ನೂ ಒಂದೇ ಉಕ್ಕಿನ ಚೌಕಟ್ಟಿಗೆ ಸೇರಿವೆ. ಹಾಗಾಗಿ ಡಿಸ್ಕ್ ಬದಲಿಸಲು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಇಡೀ ಚೌಕಟ್ಟನ್ನೇ ಜಾಕ್ ಮೇಲೆ ಕೆಳಗಿಳಿಸುತ್ತಾರೆ. ಹಳೆಯ ಕಾರಾದರೆ ಅದೂ ಸಲೀಸಲ್ಲ. ಬೋಲ್ಟ್ ಬಿಚ್ಚಿದರೂ, ಸಸ್ಪೆನ್ಷನ್ನನ್ನು ಬಾಡಿಗೆ ಜೋಡಿಸುವ ರೇಡಿಯಸ್ ಆರ್ಮ್‌ನ ತುದಿ ತುಕ್ಕು ಹಿಡಿದು ಬಾಡಿಗೇ ಕಚ್ಚಿಕೊಂಡಿರುತ್ತದೆ. ಎಣ್ಣೆ ಬಿಟ್ಟು, ಕಾದು, ಮೆಲ್ಲಗೆ ಮೀಟಬೇಕು. ಅವಸರಪಟ್ಟು ಬಡಿದರೆ ಕಾರಿನ ತಳದ ತಗಡೇ ಹರಿದೀತು.