ಬೆಳಗ್ಗೆ ರಸ್ತೆ, ಮಧ್ಯಾಹ್ನ ಕಡಲು!

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡೋಣ. ಬೆಳಗ್ಗೆ ಅದರ ಮೇಲೆ ಕಾರು ಓಡುತ್ತದೆ. ಮಧ್ಯಾಹ್ನ ಅದರ ಮೇಲೆ ದೋಣಿ ಓಡುತ್ತದೆ. ರಾತ್ರಿ ಮತ್ತೆ ಕಾರು! ಏನದು?

ಸೇತುವೆಯೇ? ಅಲ್ಲ. ಕಾಲುವೆಯೇ? ಅಲ್ಲವೇ ಅಲ್ಲ!

ಅದು ರಸ್ತೆ. ನಕ್ಷೆಯಲ್ಲಿ ಹೆಸರಿರುವ, ಬದಿಯಲ್ಲಿ ಫಲಕಗಳಿರುವ, ಅಪ್ಪಟ ರಸ್ತೆ. ಫ್ರಾನ್ಸಿನ ಪಶ್ಚಿಮ ಕರಾವಳಿಯಿಂದ ನ್ವಾರ್ಮೂತಿಯೆ ದ್ವೀಪಕ್ಕೆ ಹೋಗುವ ಇದರ ಹೆಸರು ಪಾಸಾಜ್ ದು ಗ್ವಾ. ಉದ್ದ 4 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ ಎರಡು ಸಲ ಇದು ಕಡಲಿನಡಿ ಮುಳುಗುತ್ತದೆ. ದೊಡ್ಡ ಭರತದ ದಿನ ಇದರ ಮೇಲೆ ಎಷ್ಟು ನೀರು ನಿಲ್ಲುತ್ತದೆ ಗೊತ್ತೇ? 4 ಮೀಟರ್! ಎರಡಾಳು ಮುಳುಗುವಷ್ಟು!

ನಾವು ಅಲ್ಲಿಗೆ ಮುಟ್ಟಿದಾಗ ರಸ್ತೆ ಇರಲಿಲ್ಲ. ಡಾಂಬರು ಇಳಿಜಾರಾಗಿ ಹೋಗಿ ನೀರಿನೊಳಗೆ ಮಾಯ. ಮುಂದೆ ಬರೀ ಕಡಲು. ಪಕ್ಕದ ಫಲಕದಲ್ಲಿ ಆ ದಿನದ ಇಳಿತದ ವೇಳೆ ಬರೆದಿತ್ತು. ಇಳಿತ ತಳ ಮುಟ್ಟುವ ಒಂದೂವರೆ ಗಂಟೆ ಮೊದಲು, ಮುಟ್ಟಿದ ಒಂದೂವರೆ ಗಂಟೆ ನಂತರ. ಅಷ್ಟೇ ಅವಕಾಶ!

ಕಾಯಬೇಕು. ಕಾಯಲು ನಮಗೇನು ಕಷ್ಟ? ಮನೆಯೇ ಜೊತೆಗಿದೆಯಲ್ಲ! ಮೋಟರ್‌ಹೋಮ್ ನಿಲ್ಲಿಸಿ ಒಲೆ ಹಚ್ಚಿದೆ. ಚಹಾಕ್ಕೆ ನೀರಿಟ್ಟೆ. ಹತ್ತು ವರ್ಷದ ಮಗಳು ಕಿಟಕಿಗೆ ಮೂಗು ಒತ್ತಿ ಕೂತಳು.

"ಅಮ್ಮಾ, ಬಂತು ನೋಡು!"

ಬಂದಿತ್ತು! ಮೊದಲು ನೀರಿನ ಮೇಲೊಂದು ಕಪ್ಪು ಗೆರೆ. ಆಮೇಲೆ ಆ ಗೆರೆ ಎಮ್ಮೆಯ ಬೆನ್ನಿನ ಹಾಗೆ ಅಗಲವಾಯಿತು. ಆಮೇಲೆ ಕಲ್ಲುಹಾಸು. ಕಲ್ಲಿನ ಮೇಲೆ ಹಸಿರು ಪಾಚಿ, ಪಾಚಿಯ ಮೇಲೆ ತಳತಳ ಹೊಳೆಯುವ ನೀರು. ಕಡಲು ತನ್ನ ಹೊಟ್ಟೆಯೊಳಗಿಂದ ಒಂದು ರಸ್ತೆಯನ್ನು ಮೆಲ್ಲಗೆ ಎತ್ತಿ ನಮ್ಮ ಮುಂದೆ ಇಡುತ್ತಿತ್ತು!

ನಾವು ಹೊರಡುವ ಮೊದಲೇ ಊರಿನವರು ಬಕೆಟ್ಟು, ಪುಟ್ಟ ಕುಂಟೆ ಹಿಡಿದು ಕೆಸರಿಗೆ ಇಳಿದಿದ್ದರು. ಚಿಪ್ಪುಮೀನು ಕೆದಕಲು! ಕಾರುಗಳನ್ನು ರಸ್ತೆಯ ಪಕ್ಕದಲ್ಲೇ ನಿಲ್ಲಿಸಿದ್ದರು. ಎರಡು ಗಂಟೆಯ ಹಿಂದೆ ಅಲ್ಲಿ ಕಡಲಿತ್ತು!

ದಾರಿಯುದ್ದಕ್ಕೂ ಅಲ್ಲಲ್ಲಿ ಎತ್ತರದ ಕಂಬಗಳು. ಕಂಬಕ್ಕೆ ಏಣಿ, ಏಣಿಯ ತುದಿಗೆ ಅಟ್ಟಣಿಗೆ. ಯಾಕೆ, ಊಹಿಸಿ? ದೀಪಕ್ಕಲ್ಲ. ಹಕ್ಕಿ ನೋಡುವುದಕ್ಕೂ ಅಲ್ಲ. ವೇಳೆ ತಪ್ಪಿ ನೀರಿಗೆ ಸಿಕ್ಕಿಬಿದ್ದವರು ಹತ್ತಿ ಕೂರುವುದಕ್ಕೆ! ಕಾರು ಹೋದರೆ ಹೋಗಲಿ, ಜೀವ ಉಳಿಯಲಿ ಎಂದು!

1999ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಇದೇ ದಾರಿಯಲ್ಲಿ ಹಾದುಹೋಯಿತು. ಪಾಚಿಗಲ್ಲಿನ ಮೇಲೆ ಸವಾರರು ಸಾಲಾಗಿ ಜಾರಿಬಿದ್ದರು. ಸ್ವಿಟ್ಜರ್ಲೆಂಡಿನ ಅಲೆಕ್ಸ್ ಜ್ಯೂಲೆ ಆ ಒಂದೇ ದಿನ 6 ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು. ಇನ್ನೂ ಕೇಳಿ: ಇಲ್ಲಿ ವರ್ಷಕ್ಕೊಮ್ಮೆ ಓಟದ ಪಂದ್ಯ ನಡೆಯುತ್ತದೆ. ಪಂದ್ಯ ಶುರುವಾಗುವುದು ಯಾವಾಗ? ನೀರು ಏರತೊಡಗಿದ ಮೇಲೆ! ಓಟಗಾರರ ಎದುರಾಳಿ ಸಾಕ್ಷಾತ್ ಅಟ್ಲಾಂಟಿಕ್!

ನಾನು ಇಲ್ಲಿಯವರೆಗೆ ನೋಡಿದ ರಸ್ತೆಗಳಲ್ಲಿ ಇಷ್ಟು ಜೀವಂತವಾದದ್ದು ಇನ್ನೊಂದಿಲ್ಲ.

ಈ ಕರಾವಳಿಯನ್ನು ಮೋಟರ್‌ಹೋಮಿನಲ್ಲೇ ನೋಡಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಇಲ್ಲಿ ಕಡಲು ಒಂದು ಕಡೆ ನಿಲ್ಲುವುದಿಲ್ಲ. ಅದು ಬರುವವರೆಗೆ, ಹೋಗುವವರೆಗೆ ದಡದಲ್ಲೇ ಕಾಯಬೇಕು. ಹೋಟೆಲಿನ ಕೋಣೆ ನಿಮ್ಮ ಜೊತೆ ಕಾಯುತ್ತದೆಯೇ?

ಫ್ರೆಂಚರು ಮೋಟರ್‌ಹೋಮನ್ನು ಕ್ಯಾಂಪಿಂಗ್-ಕಾರ್ ಅನ್ನುತ್ತಾರೆ. ಸಣ್ಣ ಸಣ್ಣ ಊರಿನಲ್ಲೂ ಇದಕ್ಕೆಂದೇ ತಂಗುದಾಣ. ಹೆಸರು 'ಏರ್'. ಕುಡಿಯುವ ನೀರು ತುಂಬಿಸಿಕೊಳ್ಳಿ, ಕೊಳೆನೀರು ಚೆಲ್ಲಿ, ಶೌಚದ ಡಬ್ಬ ಖಾಲಿ ಮಾಡಿ, ಮಲಗಿ! ಫ್ರಾನ್ಸ್ ಪಾಸ್ಯೋಂ ಎಂಬ ಕೂಟಕ್ಕೆ ಸೇರಿದರೆ ಇನ್ನೂ ಸೊಗಸು. ದ್ರಾಕ್ಷಿ ತೋಟದವರು, ರೈತರು, ಸಿಂಪಿ ಸಾಕುವವರು ತಮ್ಮ ಜಾಗದಲ್ಲಿ ಒಂದು ದಿನ ಗಾಡಿ ನಿಲ್ಲಿಸಲು ಬಿಡುತ್ತಾರೆ. ಬಾಡಿಗೆ ಎಷ್ಟು? ಸೊನ್ನೆ!

ಒಂದೇ ಎಚ್ಚರಿಕೆ. ಕಡಲತೀರದ ಎಷ್ಟೋ ಪಾರ್ಕಿಂಗ್ ಜಾಗಗಳ ಬಾಗಿಲಲ್ಲಿ ಸುಮಾರು 2 ಮೀಟರ್ ಎತ್ತರಕ್ಕೆ ಅಡ್ಡ ಸರಳು ಹಾಕಿರುತ್ತಾರೆ. ನಮ್ಮ ಗಾಡಿಯ ಎತ್ತರ 3 ಮೀಟರ್. ಎರಡು ಸಲ ಹಿಂದೆ ತಿರುಗಿದೆವು. ಮೂರನೆಯ ಸಲ ಮಗಳೇ ದೂರದಿಂದ ಕಂಡು "ಸರಳು! ಸರಳು!" ಎಂದು ಕೂಗಿದಳು.

ಈಗ ಉತ್ತರಕ್ಕೆ ಬನ್ನಿ. ನಾರ್ಮಂಡಿ. ಒಮಾಹಾ ಬೀಚ್. ಬಗ್ಗಿ ಒಂದು ಚಿಟಿಕೆ ಮರಳು ತೆಗೆದುಕೊಳ್ಳಿ. ತಿಳಿ ಕಂದು, ನಯ, ಎಲ್ಲ ಕಡೆ ಸಿಗುವಂಥದೇ. ಅದರಲ್ಲಿ ಏನಿದೆ ಹೇಳಿ? ಸ್ಫಟಿಕದ ಕಣ, ಚಿಪ್ಪಿನ ಪುಡಿ... ಮತ್ತೆ?

ಬಾಂಬು!

ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳು ಈ ದಡಕ್ಕೆ ಇಳಿದ ದಿನ, 1944ರ ಜೂನ್ 6ರಂದು, ಇಲ್ಲಿ ಸಿಡಿದ ಗುಂಡು, ಶೆಲ್ಲುಗಳ ಉಕ್ಕಿನ ಚೂರು! ಅರ್ಲ್ ಮೆಕ್‌ಬ್ರೈಡ್, ಡೇನ್ ಪಿಕಾರ್ಡ್ ಎಂಬ ಇಬ್ಬರು ಅಮೆರಿಕನ್ ಭೂವಿಜ್ಞಾನಿಗಳು 1988ರಲ್ಲಿ ಇಲ್ಲಿಂದ ಒಂದಿಷ್ಟು ಮರಳು ಒಯ್ದಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ತುಕ್ಕು ಹಿಡಿದ, ಚೂಪು ಅಂಚಿನ ಲೋಹದ ಕಣಗಳು ಕಂಡವು. ಹೆಚ್ಚಿನವು 1 ಮಿಲಿಮೀಟರ್‌ಗಿಂತ ಸಣ್ಣವು. ಜೊತೆಗೆ ಗುಂಡುಗುಂಡನೆಯ ಗಾಜಿನ ಮಣಿಗಳು. ಸ್ಫೋಟದ ಕಾವಿಗೆ ಮರಳೇ ಕರಗಿ ಮಣಿಯಾಗಿತ್ತು! ಅವರು ನೋಡಿದ ಮರಳಿನಲ್ಲಿ ಲೋಹದ ಪಾಲು ಎಷ್ಟಿತ್ತು? ಸಾವಿರಕ್ಕೆ ಒಂದೇ? ಅಲ್ಲ. ನೂರಕ್ಕೆ 4!

ಮಗಳು ಅಂಗೈ ಮೇಲೆ ಮರಳು ಹರಡಿಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ ಕೈ ಒದರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ ನೆಲಕ್ಕೆ ಬಿಟ್ಟಳು.

ಅಲ್ಲಿಂದ ನೈಋತ್ಯಕ್ಕೆ ಹೊರಟರೆ ಮೋಂ-ಸ್ಯಾಂ-ಮಿಶೆಲ್ ಕೊಲ್ಲಿ. ಇಲ್ಲಿ ಭರತಕ್ಕೂ ಇಳಿತಕ್ಕೂ ನಡುವಿನ ಎತ್ತರ ಎಷ್ಟಿರಬಹುದು? 3 ಮೀಟರ್? 5? ದೊಡ್ಡ ಭರತದಲ್ಲಿ ಸುಮಾರು 14 ಮೀಟರ್! ನಾಲ್ಕು ಅಂತಸ್ತಿನ ಮನೆಯಷ್ಟು ನೀರು ಬೆಳಗ್ಗೆ ಬಂದು ಮಧ್ಯಾಹ್ನ ಹೋಗುತ್ತದೆ! ಅಟ್ಲಾಂಟಿಕ್‌ನಿಂದ ಬಂದ ಭರತ ಇಂಗ್ಲಿಷ್ ಕಾಲುವೆಯ ಕಿರಿದಾದ ಬಾಯಿಗೆ ನುಗ್ಗುತ್ತದೆ. ಎದುರಿಗೆ ಕೋತಾಂತೇಂ ಪರ್ಯಾಯದ್ವೀಪ ಗೋಡೆಯಂತೆ ಅಡ್ಡ. ಹೋಗಲು ದಾರಿಯಿಲ್ಲದೆ ನೀರು ಮೇಲೇರುತ್ತದೆ.

ಫ್ರೆಂಚರು ಪ್ರತಿ ಭರತಕ್ಕೂ 20ರಿಂದ 120ರವರೆಗೆ ಅಂಕ ಕೊಡುತ್ತಾರೆ. ಪರೀಕ್ಷೆಯ ಅಂಕದ ಹಾಗೆ! 100 ದಾಟಿತೆಂದರೆ ಊರಿಗೆ ಊರೇ ದಡಕ್ಕೆ. 2015ರ ಮಾರ್ಚ್ 21ರಂದು ಕಡಲಿಗೆ 119 ಬಂತು. ಆ ಸಂಜೆ ಮೋಂ-ಸ್ಯಾಂ-ಮಿಶೆಲ್ ಸುತ್ತ ನೀರು, ನೀರಿನ ಸುತ್ತ ಜನಸಾಗರ. ಭರತದ ಪಟ್ಟಿ ನಮ್ಮ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಪಂಚಾಂಗದ ಹಾಗೆ ಸದಾ ಇರುತ್ತಿತ್ತು. ಊಟ, ನಿದ್ದೆ, ಪ್ರಯಾಣ, ಎಲ್ಲಕ್ಕೂ ಅದೇ ಮುಹೂರ್ತ!

ಇಷ್ಟು ನೀರು ಓಡಾಡುವಾಗ ಸುಮ್ಮನೆ ಬಿಡುವುದುಂಟೇ? ಇದೇ ತೀರದ ಸ್ಯಾಂ-ಮಾಲೊ ಊರಿನಿಂದ ದಿನಾರ್ ಕಡೆಗೆ ಹೊರಡಿ. ರಾನ್ಸ್ ನದಿಯ ಅಳಿವೆಯ ಮೇಲೆ ರಸ್ತೆ ಹೋಗುತ್ತದೆ. ಎಲ್ಲರೂ ಅದನ್ನು ಸೇತುವೆ ಎಂದುಕೊಂಡು ದಾಟಿಬಿಡುತ್ತಾರೆ. ನಿಲ್ಲಿ! ನಿಮ್ಮ ಚಕ್ರದ ಕೆಳಗೆ ಏನಿದೆ?

24 ಟರ್ಬೈನುಗಳು! ಅದು 750 ಮೀಟರ್ ಉದ್ದದ ಅಣೆಕಟ್ಟು. ಭರತದಿಂದ ವಿದ್ಯುತ್ ತೆಗೆಯುವ, ಜಗತ್ತಿನ ಮೊಟ್ಟಮೊದಲ ದೊಡ್ಡ ಸ್ಥಾವರ. ಯಾವ ಕಾಲದ್ದು? ನಿನ್ನೆ ಮೊನ್ನೆಯದಲ್ಲ, 1966ರದು! ಸಾಮರ್ಥ್ಯ 240 ಮೆಗಾವಾಟ್. ಅದನ್ನು ಮೀರಿಸುವ ಇನ್ನೊಂದು ಹುಟ್ಟಲು 2011ರವರೆಗೆ ಕಾಯಬೇಕಾಯಿತು, ಅದೂ ದಕ್ಷಿಣ ಕೊರಿಯಾದಲ್ಲಿ. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ. ಚಂದ್ರ ಎಳೆಯುತ್ತಾನೆ, ದೀಪ ಉರಿಯುತ್ತದೆ!

ದೋಣಿ ಬಂದರೆ ಅಲ್ಲಿನ ರಸ್ತೆಯ ತುಂಡೇ ಮೇಲಕ್ಕೆ ಏಳುತ್ತದೆ. ನಾವು ಎಂಜಿನ್ ಆರಿಸಿ ಕಾದೆವು. ಕಿಟಕಿ ಇಳಿಸಿ ಕೆಳಗೆ ನೋಡಿದರೆ ನೀರು ಸುಳಿಸುಳಿಯಾಗಿ ನೊರೆ ಕಾರುತ್ತಿತ್ತು.

ಹತ್ತಿರದ ಕಾಂಕಾಲ್ ಊರಿನಲ್ಲಿ ಕಟ್ಟೆಯ ಮೇಲೆ ಸಿಂಪಿ ಮಾರುತ್ತಾರೆ. ಬಾಯಿ ಬಿಡಿಸಿ, ನಿಂಬೆ ಹಿಂಡಿ ಕೊಡುತ್ತಾರೆ. ತಿಂದವರು ಚಿಪ್ಪನ್ನು ದಡಕ್ಕೆ ಎಸೆಯುತ್ತಾರೆ. ಹಾಗೆ ಎಸೆದೆಸೆದು ದಡವೇ ಚಿಪ್ಪಿನದಾಗಿದೆ! ನಡೆದರೆ ಹಪ್ಪಳ ಮುರಿದ ಸದ್ದು!

ಇನ್ನು ದಕ್ಷಿಣಕ್ಕೆ. ಆರ್ಕಶೋಂ ಪಕ್ಕದ ಪೈನ್ ಕಾಡಿನ ನಡುವೆ ದಾರಿ. ಮರ, ಮರ, ಮರ. ಒಮ್ಮೆಲೇ ಮರದ ತುದಿಗಳ ಮೇಲೆ, ಆಕಾಶದಲ್ಲಿ, ಮರಳು!

ಪಿಲಾ ಮರಳುದಿಬ್ಬ. ಯುರೋಪಿನಲ್ಲೇ ಎತ್ತರದ್ದು. 100 ಮೀಟರ್‌ಗೂ ಮಿಕ್ಕಿದ ಎತ್ತರ, ಸುಮಾರು 3 ಕಿಲೋಮೀಟರ್ ಉದ್ದ. ಇದರಲ್ಲಿ ಇರುವ ಮರಳೆಷ್ಟು? ಸುಮಾರು 6 ಕೋಟಿ ಘನಮೀಟರ್! ಲೆಕ್ಕ ಹಾಕಿ: ಒಂದು ಟಿಪ್ಪರಿಗೆ 10 ಘನಮೀಟರ್ ಎಂದರೂ 60 ಲಕ್ಷ ಲೋಡು!

ಆದರೆ ಬೆರಗು ಅದಲ್ಲ. ಈ ದಿಬ್ಬ ನಡೆಯುತ್ತದೆ! ಹೌದು, ನಡೆಯುತ್ತದೆ. ಕಡಲಗಾಳಿ ಮರಳನ್ನು ಇಳಿಜಾರಿನ ಮೇಲೆ ಹತ್ತಿಸಿ ಆಚೆ ಬದಿಗೆ ಸುರಿಯುತ್ತದೆ. ವರ್ಷಕ್ಕೆ 1ರಿಂದ 5 ಮೀಟರ್ ಒಳನಾಡಿನ ಕಡೆಗೆ. ಎದುರಿಗೆ ಬಂದದ್ದನ್ನೆಲ್ಲ ನುಂಗುತ್ತಾ! ಕಾಡಿನ ಅಂಚಿನಲ್ಲಿ ನಿಂತು ನೋಡಿದೆ. ಒಂದು ಪೈನ್ ಮರ ಸೊಂಟದವರೆಗೆ ಹೂತಿತ್ತು. ಅದರ ಹಿಂದಿನದು ಕತ್ತಿನವರೆಗೆ. ಅದರಾಚೆ ಒಂದು ಒಣ ರೆಂಬೆ ಮಾತ್ರ, ಮುಳುಗುವವನ ಕೈಯ ಹಾಗೆ.

ಕಡಲ ಬದಿಗೆ ಇಳಿದರೆ ಮರಳಿನ ಗೋಡೆಯಲ್ಲಿ ಕಪ್ಪು ಪಟ್ಟೆಗಳು. ಬೆರಳಿಟ್ಟು ನೋಡಿ. ಮರಳಲ್ಲ, ಮಣ್ಣು! ದಿಬ್ಬ ಹಿಂದೆಂದೋ ನುಂಗಿದ ಕಾಡುಗಳ ನೆಲ. ತೀರಾ ಕೆಳಗಿನದಕ್ಕೆ ಸುಮಾರು 4,000 ವರ್ಷ!

ಇದೇ ತೀರದ ಉತ್ತರಕ್ಕೆ ಸುಲಾಕ್ ಎಂಬ ಊರು. 1960ರ ದಶಕದ ಕೊನೆಯಲ್ಲಿ ಅಲ್ಲಿ 'ಲ ಸಿನ್ಯಾಲ್' ಎಂಬ ಅಪಾರ್ಟ್‌ಮೆಂಟ್ ಕಟ್ಟಿದರು. 78 ಮನೆ. ಕಡಲು 200 ಮೀಟರ್ ದೂರ. 2014ರಲ್ಲಿ ಕಡಲು ಹೊಸ್ತಿಲಿಗೇ ಬಂದು ನಿಂತಿತು. ಎಲ್ಲರನ್ನೂ ಖಾಲಿ ಮಾಡಿಸಿದರು. 2023ರಲ್ಲಿ ಕಟ್ಟಡವನ್ನೇ ಕೆಡವಿದರು. ಆ ಮನೆಗಳಿಗೆ ಚಕ್ರಗಳಿರಲಿಲ್ಲ. ಕಿಟಕಿ ತೆರೆದರೆ ಕಡಲು ಕಾಣಲಿ ಎಂದು ಆಸೆಪಟ್ಟು ಕೊಂಡವರನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಕೊನೆಗೆ ಮೆಡಿಟರೇನಿಯನ್. ಇಲ್ಲಿ ಭರತ-ಇಳಿತ ಇಲ್ಲವೇನೋ ಎನ್ನುವಷ್ಟು ಸಣ್ಣದು, ಗೇಣು ಎರಡು ಗೇಣು. ಭರತದ ಪಟ್ಟಿ ಮಡಚಿ ಡ್ರಾಯರಿಗೆ ಹಾಕಿದೆವು. ಇಲ್ಲಿ ಕಡಲು ಸುಮ್ಮನಿದೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ!

ಮಾರ್ಸೇ ಪಕ್ಕದ ಸುಣ್ಣಕಲ್ಲಿನ ಕಡಿದಾದ ತೀರ. ಆಂರಿ ಕೋಸ್ಕೇರ್ ಎಂಬ ಮುಳುಗುಗಾರ 1985ರಲ್ಲಿ ನೀರಿನಡಿ 37 ಮೀಟರ್ ಆಳದಲ್ಲಿ ಒಂದು ಬಿಲ ಕಂಡರು. ಅದರೊಳಗಿನ ಸುರಂಗ ಮೇಲ್ಮುಖವಾಗಿ ಏರಿ ಒಂದು ಗವಿಗೆ ತೆರೆದುಕೊಳ್ಳುತ್ತದೆ. ಗವಿಯ ಗೋಡೆಯ ಮೇಲೆ? ಕುದುರೆಗಳು! ಕಾಡುಕೋಣಗಳು! ಸೀಲ್‌ಗಳು! ಈಗ ಭೂಮಿಯ ಮೇಲೇ ಇಲ್ಲದ, ಹಾರಲಾರದ ಗ್ರೇಟ್ ಆಕ್ ಹಕ್ಕಿಗಳು! ಮತ್ತು ಮನುಷ್ಯರ ಅಂಗೈಗಳ ಅಚ್ಚು. ಹಳೆಯವಕ್ಕೆ ಸುಮಾರು 27,000 ವರ್ಷ!

ಬರೆದವರು ಈಜಿಕೊಂಡು ಹೋಗಿದ್ದರೇ? ಇಲ್ಲ, ನಡೆದುಕೊಂಡು! ಹಿಮಯುಗದಲ್ಲಿ ಕಡಲು ಇಂದಿಗಿಂತ 100 ಮೀಟರ್‌ಗೂ ಹೆಚ್ಚು ಕೆಳಗಿತ್ತು. ದಡ ಮೈಲಿಗಳಾಚೆ ಇತ್ತು. ಆಮೇಲೆ ಭರತ ಬಂತು. ಸಾವಿರಾರು ವರ್ಷ ಏರಿದ ಭರತ. ಅದು ಇನ್ನೂ ಇಳಿದಿಲ್ಲ. ಗವಿಯೊಳಗೆ ಸಾರ್ವಜನಿಕರನ್ನು ಬಿಡುವುದಿಲ್ಲ, ಆದರೆ 2022ರಿಂದ ಮಾರ್ಸೇಯಲ್ಲಿ ಅದರ ಪ್ರತಿಕೃತಿ ಇದೆ. ಅಲ್ಲಿ ಆ ಕೈಗಳ ಮುಂದೆ ನಿಂತಾಗ ಮಗಳು ತನ್ನ ಕೈ ಎತ್ತಿ ಗಾಳಿಯಲ್ಲೇ ಅಳತೆ ನೋಡಿದಳು.

ಇನ್ನೂ ಒಂದಿದೆ. ಇದನ್ನು ಬೇಕೆಂದೇ ಬಚ್ಚಿಟ್ಟಿದ್ದೆ.

ಮಾರ್ಸೇಯಿಂದ ಪೂರ್ವಕ್ಕೆ ಒಂದು ಗಂಟೆಯ ದಾರಿ, ತೂಲೋಂ ಬಂದರು. 1788ರ ಜೂನ್. ಒಂದು ಹಡಗು ಬಂದು ನಿಂತಿತು. ಪುದುಚೇರಿ ಬಿಟ್ಟು ಹೆಚ್ಚುಕಡಿಮೆ 11 ತಿಂಗಳಾಗಿತ್ತು. ಅದರಿಂದ ಇಳಿದವರು ಯಾರು? ಊಹಿಸಿ!

ಶ್ರೀರಂಗಪಟ್ಟಣದವರು! ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು! ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೆಯ ಲೂಯಿ ಅವರನ್ನು ಬರಮಾಡಿಕೊಂಡ. ವಿಜೇ ಲ ಬ್ರೂನ್ ಎಂಬ ಹೆಸರಾಂತ ಚಿತ್ರಕಾರ್ತಿ ದರ್ವೇಶ್ ಖಾನರ ಚಿತ್ರ ಬರೆದಳು.

ಅವರು ಮರಳಿ ಹಡಗು ಹತ್ತಿದ್ದು ತೂಲೋಂನಲ್ಲಲ್ಲ. ದೇಶದ ಇನ್ನೊಂದು ತುದಿಯ ಬ್ರೆಸ್ಟ್‌ನಲ್ಲಿ! ಅಟ್ಲಾಂಟಿಕ್ ತೀರದಲ್ಲಿ! ಕಡಲು ಗೇಣಷ್ಟು ಏರುವ ದಡದಲ್ಲಿ ಇಳಿದವರು, ಮನೆಯೆತ್ತರ ಏರಿಳಿಯುವ ದಡದಿಂದ ಹೊರಟರು. ಕಾವೇರಿಯ ನಡುಗಡ್ಡೆಯಿಂದ ಬಂದವರು ಈ ಎರಡೂ ಕಡಲನ್ನು 230 ವರ್ಷಗಳಿಗೂ ಹಿಂದೆಯೇ ಕಂಡಿದ್ದರು!

ತೂಲೋಂ ದಡದಲ್ಲಿ ಅಂದು ಸಂಜೆ ಅನ್ನ-ಸಾರು ಮಾಡಿದೆ. ಗಾಡಿಯ ಬಾಗಿಲು ತೆರೆದೇ ಇತ್ತು. ಮಗಳು ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತು ಬಂದರಿನತ್ತ ಕೈ ತೋರಿಸಿ ಕೇಳಿದಳು: "ಅಮ್ಮಾ, ಅವರು ಯಾವ ಕಡೆ ಇಳಿದದ್ದು?"