ಜಾತಕ ನೋಡದೆ ಗಂಟು ಹಾಕುವ ವಿಷ

1978ರಲ್ಲಿ ಅಮೆರಿಕದ ಡೆನ್ವರ್ ನಗರದ ಮಕ್ಕಳ ವೈದ್ಯ ಜೇಮ್ಸ್ ಟಾಡ್ ಮತ್ತು ಸಂಗಡಿಗರು ಏಳು ಮಕ್ಕಳ ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ಎಲ್ಲರೂ 8ರಿಂದ 17 ವರ್ಷದವರು. ಏರಿದ ಜ್ವರ, ಮೈತುಂಬ ಬಿಸಿಲಿಗೆ ಸುಟ್ಟಂಥ ಕೆಂಪು, ಪಾತಾಳಕ್ಕಿಳಿದ ರಕ್ತದೊತ್ತಡ. ಬದುಕುಳಿದವರ ಅಂಗೈ ಅಂಗಾಲಿನ ಚರ್ಮ ಆಮೇಲೆ ಪದರ ಪದರವಾಗಿ ಸುಲಿಯಿತು. ನಂಜು ರಕ್ತಕ್ಕೇರಿದಂತೆ ಕಾಣುವ ಕಾಯಿಲೆ. ಆದರೆ ರಕ್ತ ಪರೀಕ್ಷಿಸಿದರೆ ಬ್ಯಾಕ್ಟೀರಿಯಾ ಇಲ್ಲ. ಮೂಗು-ಗಂಟಲಲ್ಲೋ ಒಂದು ಕೀವುಗುಳ್ಳೆಯಲ್ಲೋ ಸ್ಟ್ಯಾಫಿಲೊಕಾಕಸ್ ಆರಿಯಸ್ ತಣ್ಣಗೆ ಕೂತಿತ್ತು. ಟಾಡ್ ಇದನ್ನು ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂದು ಕರೆದರು.

ಎರಡೇ ವರ್ಷದಲ್ಲಿ ಈ ಹೆಸರು ಅಮೆರಿಕದ ಮನೆಮಾತಾಯಿತು. ಮುಟ್ಟಿನ ಸಮಯದಲ್ಲಿ ಅತಿಯಾಗಿ ಹೀರಿಕೊಳ್ಳುವ ಟ್ಯಾಂಪೂನ್ ಬಳಸುತ್ತಿದ್ದ ಯುವತಿಯರಲ್ಲಿ ಇದೇ ಕಾಯಿಲೆ ಸಾಲುಸಾಲಾಗಿ ಕಾಣಿಸಿತು. 1980ರಲ್ಲಿ ‘ರಿಲೈ’ ಎಂಬ ಬ್ರ್ಯಾಂಡನ್ನು ಮಾರುಕಟ್ಟೆಯಿಂದ ವಾಪಸು ಪಡೆಯಲಾಯಿತು. ಮರುವರ್ಷ ಅಪರಾಧಿ ಸಿಕ್ಕಿತು: ಬ್ಯಾಕ್ಟೀರಿಯಾ ಹೊರಸೂಸುವ ಒಂದು ಪುಟ್ಟ ಪ್ರೋಟೀನ್, ಟಿಎಸ್‌ಎಸ್‌ಟಿ-1. ಕೇವಲ 194 ಅಮೈನೊ ಆಮ್ಲಗಳ ಸರಪಳಿ. ಬ್ಯಾಕ್ಟೀರಿಯಾ ಇದ್ದಲ್ಲೇ ಇರುತ್ತದೆ, ಅದರ ಪ್ರೋಟೀನ್ ಮಾತ್ರ ಲೋಳೆಪೊರೆ ದಾಟಿ ಮೈಯೆಲ್ಲ ಸುತ್ತುತ್ತದೆ.

ಇಷ್ಟು ಚಿಕ್ಕ ಪ್ರೋಟೀನ್ ಅಷ್ಟು ದೊಡ್ಡ ಅನಾಹುತ ಮಾಡುವುದು ಹೇಗೆ? ಇದು ಅಂಗಾಂಶವನ್ನು ಕರಗಿಸುವುದಿಲ್ಲ, ಕೋಶಕ್ಕೆ ತೂತು ಕೊರೆಯುವುದಿಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆಯನ್ನು ನಮ್ಮ ಮೇಲೆ ಛೂ ಬಿಡುತ್ತದೆ.

ರೋಗಾಣು ಒಳಬಂದಾಗ ನಡೆಯುವ ಸಹಜ ಕ್ರಮವನ್ನು ಮೊದಲು ನೋಡೋಣ. ಕಾವಲು ಕೋಶವೊಂದು ಅದನ್ನು ನುಂಗಿ, ಚೂರು ಮಾಡಿ, ಒಂದು ಚೂರನ್ನು ತನ್ನ ಮೇಲ್ಮೈಯಲ್ಲಿರುವ ಎಂಎಚ್‌ಸಿ-2 ಎಂಬ ಪ್ರೋಟೀನಿನ ಹರಿವಾಣದಂಥ ಸೀಳಿನಲ್ಲಿಟ್ಟು ತೋರಿಸುತ್ತದೆ. ಟಿ ಕೋಶಗಳು ಬಂದು ಆ ಚೂರನ್ನು ತಮ್ಮ ಗ್ರಾಹಕದಿಂದ ಮುಟ್ಟಿ ನೋಡುತ್ತವೆ. ಪ್ರತಿ ಟಿ ಕೋಶದ ಗ್ರಾಹಕವೂ ಬೇರೆ ಬೇರೆ. ಹತ್ತು ಸಾವಿರದಿಂದ ಲಕ್ಷ ಕೋಶಗಳಲ್ಲಿ ಒಂದಕ್ಕೆ ಮಾತ್ರ ಚೂರು ಸರಿಯಾಗಿ ಹೊಂದುತ್ತದೆ. ಅದು ಎಚ್ಚೆತ್ತು, ವೃದ್ಧಿಸಿ, ಗುರಿಯಿಟ್ಟು ಹೋರಾಡುತ್ತದೆ. ಜಾತಕ ಕೂಡಿದರೆ ಮಾತ್ರ ಮದುವೆ, ಕೂಡುವುದೇ ಅಪರೂಪ. ನಮ್ಮ ವಿಷ ಇಲ್ಲಿ ಜಾತಕದ ಕಡೆ ಕಣ್ಣೂ ಹಾಯಿಸದೆ ಎರಡು ಕಡೆಯವರ ಸೆರಗಿಗೆ ಗಂಟು ಹಾಕುವ ದಲ್ಲಾಳಿ. ಹೀಗೆ ಏಕಕಾಲಕ್ಕೆ ಎಚ್ಚೆತ್ತುಕೊಳ್ಳುವ ಟಿ ಕೋಶಗಳ ಪ್ರಮಾಣ ಶೇ. 20ನ್ನು ಮುಟ್ಟಬಹುದು. ಇಂಥ ವಿಷಗಳಿಗೆ ‘ಸೂಪರ್‌ಆಂಟಿಜೆನ್’ ಎಂಬ ಹೆಸರು 1989ರಲ್ಲಿ ಬಂತು. ಹೆಸರಿಟ್ಟ ಫಿಲಿಪಾ ಮ್ಯಾರಕ್ ಮತ್ತು ಜಾನ್ ಕ್ಯಾಪ್ಲರ್ ಕೆಲಸ ಮಾಡುತ್ತಿದ್ದುದೂ ಡೆನ್ವರ್‌ನಲ್ಲೇ.

ಈ ಕೈಚಳಕದ ಗುಟ್ಟು ಅಣುವಿನ ಆಕಾರದಲ್ಲಿದೆ. ಅದೇ ಬ್ಯಾಕ್ಟೀರಿಯಾ ತಯಾರಿಸುವ, ಟಿಎಸ್‌ಎಸ್‌ಟಿ-1ರ ಕುಟುಂಬದ್ದೇ ಆದ ಇನ್ನೊಂದು ವಿಷ, ಆಹಾರ ವಿಷವಾಗಿಸುವ ಎಂಟೆರೊಟಾಕ್ಸಿನ್-ಬಿ. ಅದರ ಹರಳು ಬೆಳೆಸಿ, ಎಕ್ಸ್-ಕಿರಣ ಹಾಯಿಸಿ, ಪರಮಾಣುಗಳ ಜಾಗ ಗುರುತಿಸಿ 1992ರಲ್ಲಿ ಪ್ರಕಟಿಸಿದ ತಂಡದ ಪ್ರಬಂಧದಲ್ಲಿ ಮೊದಲ ಹೆಸರು ಎಸ್. ಸ್ವಾಮಿನಾಥನ್ ಅವರದು. ಟಿಎಸ್‌ಎಸ್‌ಟಿ-1ರ ರಚನೆಯನ್ನು 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದವರು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕೆ. ರವಿ ಆಚಾರ್ಯ ಮತ್ತು ಸಹೋದ್ಯೋಗಿಗಳು.

ಎಂಟೆರೊಟಾಕ್ಸಿನ್-ಬಿ 239 ಅಮೈನೊ ಆಮ್ಲಗಳ ಸರಪಳಿ. ಅದು ಮಡಚಿಕೊಂಡು ಎರಡು ಹಾಲೆಗಳಾಗಿದೆ. ಚಿಕ್ಕ ಹಾಲೆಯಲ್ಲಿ ಬೀಟಾ ಎಳೆಗಳು ಸುತ್ತಿಕೊಂಡು ಪೀಪಾಯಿಯ ಆಕಾರ ತಾಳಿವೆ. ದೊಡ್ಡ ಹಾಲೆಯಲ್ಲಿ ತಿರುಚಿದ ಬೀಟಾ ಹಾಳೆಯೊಂದು ಉದ್ದನೆಯ ಆಲ್ಫಾ ಸುರುಳಿಗೆ ಒತ್ತಿಕೊಂಡಿದೆ. ಚಿಕ್ಕ ಹಾಲೆಯ ನೀರೊಲ್ಲದ ಕೆಲವು ಅಮೈನೊ ಆಮ್ಲಗಳು, ಮುಖ್ಯವಾಗಿ 45ನೆಯ ಸ್ಥಾನದ ಲ್ಯೂಸಿನ್, ಎಂಎಚ್‌ಸಿಯ ಆಲ್ಫಾ ಸರಪಳಿಯ ಪಕ್ಕೆಗೆ ಅಂಟುತ್ತವೆ. ಎರಡು ಹಾಲೆಗಳ ನಡುವಿನ ತಗ್ಗು ಟಿ ಕೋಶದ ಗ್ರಾಹಕದಲ್ಲಿ ವಿ-ಬೀಟಾ ಎಂಬ ಭಾಗವನ್ನು ಹಿಡಿಯುತ್ತದೆ. ಟಿ ಕೋಶಗಳಲ್ಲಿ ವಿ-ಬೀಟಾ ಬಗೆಗಳು ಸುಮಾರು ಎರಡು ಡಜನ್ ಮಾತ್ರ. ಆದ್ದರಿಂದ ಒಂದು ಬಗೆಯನ್ನು ಹಿಡಿದರೆ ಸಾಕು, ಆ ಬಗೆಯ ಲಕ್ಷಾಂತರ ಕೋಶಗಳು ಒಟ್ಟಿಗೆ ಎದ್ದು ಕೂರುತ್ತವೆ. ಯಾವ ರೋಗಾಣುವಿನ ಚೂರನ್ನು ಗುರುತಿಸಲು ಅವು ಹುಟ್ಟಿದ್ದವು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಟಿಎಸ್‌ಎಸ್‌ಟಿ-1 ಮನುಷ್ಯರಲ್ಲಿ ವಿ-ಬೀಟಾ-2 ಬಗೆಯನ್ನೇ ಆರಿಸುತ್ತದೆ. ರೋಗಿಯ ರಕ್ತದಲ್ಲಿ ಆ ಬಗೆಯ ಕೋಶಗಳು ವಿಪರೀತ ಹೆಚ್ಚಿರುವುದು ಈ ವಿಷ ಬಿಟ್ಟುಹೋದ ಬೆರಳಚ್ಚು.

ಎದ್ದ ಕೋಶಗಳು ಸುಮ್ಮನಿರುವುದಿಲ್ಲ. ಇಂಟರ್‌ಲ್ಯೂಕಿನ್-2, ಇಂಟರ್‌ಫೆರಾನ್-ಗಾಮಾ, ಟಿಎನ್‌ಎಫ್ ಎಂಬ ಸಂದೇಶವಾಹಕಗಳನ್ನು ಒಮ್ಮೆಲೇ ಸುರಿಯುತ್ತವೆ. ಜ್ವರ ಏರುತ್ತದೆ, ರಕ್ತನಾಳಗಳು ಸಡಿಲಗೊಂಡು ದ್ರವ ಹೊರಕ್ಕೆ ಸೋರುತ್ತದೆ, ಒತ್ತಡ ಕುಸಿಯುತ್ತದೆ, ಮೂತ್ರಪಿಂಡ ಯಕೃತ್ತುಗಳು ಸೋಲುತ್ತವೆ. ಕೊನೆಗೆ ದಣಿದ ಟಿ ಕೋಶಗಳು ಸಾಯುತ್ತವೆ ಇಲ್ಲವೇ ಮಂಕಾಗುತ್ತವೆ. ಈ ಗದ್ದಲದಲ್ಲಿ ಬ್ಯಾಕ್ಟೀರಿಯಾದ ಮೇಲೆ ಗುರಿಯಿಟ್ಟು ನಡೆಯಬೇಕಾದ ದಾಳಿ ದಿಕ್ಕು ತಪ್ಪುತ್ತದೆ.

ಆರೋಗ್ಯವಂತರಲ್ಲಿ ಸುಮಾರು ಮೂರರಲ್ಲೊಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ನೆಲೆಸಿರುತ್ತದೆ. ಆದರೂ ಈ ಆಘಾತ ಅಪರೂಪ. ಎಲ್ಲ ತಳಿಗಳೂ ಈ ವಿಷ ತಯಾರಿಸುವುದಿಲ್ಲ. ಜೊತೆಗೆ ಬಹುತೇಕ ವಯಸ್ಕರ ರಕ್ತದಲ್ಲಿ ಟಿಎಸ್‌ಎಸ್‌ಟಿ-1ರ ವಿರುದ್ಧ ಪ್ರತಿಕಾಯಗಳು ಬೆಳೆದಿರುತ್ತವೆ. ಎಳೆಯರಲ್ಲಿ ಅವು ಇಲ್ಲದಿರುವ ಸಾಧ್ಯತೆ ಹೆಚ್ಚು. ಚಿಕಿತ್ಸೆಯಲ್ಲಿ ವೈದ್ಯರು ಸೋಂಕಿನ ಮೂಲವನ್ನು ತೆಗೆದು, ಸಾಕಷ್ಟು ದ್ರವ ಕೊಟ್ಟು, ಕ್ಲಿಂಡಮೈಸಿನ್ ಎಂಬ ಆಂಟಿಬಯೋಟಿಕ್ ಸೇರಿಸುತ್ತಾರೆ. ಇದು ಬ್ಯಾಕ್ಟೀರಿಯಾದ ಪ್ರೋಟೀನ್ ಕಾರ್ಖಾನೆಯಾದ ರೈಬೋಸೋಮಿಗೆ ಅಡ್ಡಗಾಲು ಹಾಕಿ ವಿಷದ ಉತ್ಪಾದನೆಯನ್ನೇ ನಿಲ್ಲಿಸುತ್ತದೆ. ರಚನೆಯ ಅರಿವು ಲಸಿಕೆಗೂ ದಾರಿ ಮಾಡಿದೆ. ಎಂಟೆರೊಟಾಕ್ಸಿನ್-ಬಿಯಲ್ಲಿ 45, 89 ಮತ್ತು 94ನೆಯ ಸ್ಥಾನಗಳ ಅಮೈನೊ ಆಮ್ಲಗಳನ್ನು ಬದಲಿಸಿದರೆ ಎಂಎಚ್‌ಸಿಯ ಮೇಲಿನ ಅದರ ಹಿಡಿತ ತಪ್ಪುತ್ತದೆ, ಆದರೆ ಪ್ರತಿಕಾಯ ಹುಟ್ಟಿಸುವಷ್ಟು ರೂಪ ಉಳಿಯುತ್ತದೆ. ಹೀಗೆ ಹಲ್ಲು ಕಿತ್ತ ವಿಷದಿಂದ ತಯಾರಿಸಿದ ಲಸಿಕೆಯನ್ನು ಮನುಷ್ಯರಲ್ಲಿ ಮೊದಲ ಹಂತದ ಪರೀಕ್ಷೆಗೂ ಒಳಪಡಿಸಲಾಗಿದೆ.

ಎಂಟೆರೊಟಾಕ್ಸಿನ್ ನಮ್ಮ ಅಡುಗೆಮನೆಗೂ ಸಂಬಂಧಪಟ್ಟದ್ದು. ಬಿಗಿಯಾಗಿ ಮಡಚಿಕೊಂಡ ಆ ಅಣು ಜಠರದ ಆಮ್ಲಕ್ಕೂ ಪೆಪ್ಸಿನ್ನಿಗೂ ಜಗ್ಗದು. ಸಾಮಾನ್ಯ ಕುದಿತವನ್ನೂ ತಾಳಿಕೊಳ್ಳುತ್ತದೆ. ಕೆಚ್ಚಲುಬಾವು ಬಂದ ಹಸುವಿನ ಹಾಲು, ಹೊರಗೇ ಉಳಿದ ಖೋವಾ, ಕ್ರೀಮು, ಪನೀರು, ಗಾಯದ ಕೈ ತಾಗಿದ ಅಡುಗೆ ಇವೆಲ್ಲ ಬ್ಯಾಕ್ಟೀರಿಯಾಕ್ಕೆ ಹಬ್ಬ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಸೆಕೆಯಲ್ಲಿ ಗಂಟೆಗಟ್ಟಲೆ ಹೊರಗಿದ್ದ ಆಹಾರವನ್ನು ‘ಇನ್ನೊಮ್ಮೆ ಕುದಿಸಿದರಾಯಿತು’ ಎಂದು ಬಡಿಸಬೇಡಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಆಗಲೇ ಬಿಟ್ಟ ವಿಷ ಉಳಿಯುತ್ತದೆ. ಮಾಡಿದ ಅಡುಗೆಯನ್ನು ಬೇಗ ಉಣ್ಣಿ, ಉಳಿದದ್ದನ್ನು ಬೇಗ ಫ್ರಿಜ್ಜಿಗೆ ಸೇರಿಸಿ, ಕೈಯಲ್ಲಿ ಕೀವುಗಟ್ಟಿದ ಗಾಯವಿದ್ದರೆ ಆ ದಿನ ಸೌಟನ್ನು ಇನ್ನೊಬ್ಬರಿಗೆ ಕೊಡಿ.