ಎಲ್ಲಿ ಬರೆದಿದೆ, ತೋರಿಸಿ

'ತಲಾಖ್' ಎಂಬ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಮೂರು ಸಲ ಅಂದುಬಿಟ್ಟರೆ ಸಂಸಾರ ಮುಗಿಯಿತು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ಸೋದರಿಯರೇ, ಕುರ್‌ಆನ್‌ನಲ್ಲಿ ಇರುವುದು ಹಾಗಲ್ಲ. ಗಂಡಹೆಂಡಿರಲ್ಲಿ ವಿರಸ ಬಂದರೆ ಅವನ ಕಡೆಯವರೊಬ್ಬರು, ಅವಳ ಕಡೆಯವರೊಬ್ಬರು ಕೂತು ರಾಜಿ ಮಾಡಿಸಬೇಕು ಎಂದಿದೆ. ಈ ಮಾತು ಬರುವ ಅಧ್ಯಾಯದ ಹೆಸರೇ 'ಅನ್ನಿಸಾ', ಅಂದರೆ 'ಸ್ತ್ರೀಯರು'! ರಾಜಿಯಾಗದೆ ತಲಾಖ್ ಹೇಳಿದರೂ 'ಇದ್ದತ್' ಎಂಬ ಕಾಯುವ ಅವಧಿ ಉಂಟು, ಸುಮಾರು ಮೂರು ತಿಂಗಳು. ಅಷ್ಟರೊಳಗೆ ಮನಸ್ಸು ತಿರುಗಿದರೆ ಮತ್ತೆ ಒಂದಾಗಬಹುದು. ಒಂದೇ ಉಸಿರಿಗೆ ಮೂರು ಸಲ ಹೇಳಿ ಹೊರಗೆ ಕಳಿಸುವ ಮಾತು ಅಲ್ಲಿ ಇಲ್ಲವೇ ಇಲ್ಲ.

ಇದನ್ನು ಎತ್ತಿ ಕೇಳಿದವರು ಮುಸ್ಲಿಂ ಹೆಂಗಸರೇ. ಧರ್ಮ ಬೇಡ ಅಂತಲ್ಲ, 'ಗ್ರಂಥದಲ್ಲಿ ಎಲ್ಲಿದೆ, ತೋರಿಸಿ' ಅಂತ. ಇದಕ್ಕೆ ಇಸ್ಲಾಮಿಕ್ ಸ್ತ್ರೀವಾದ ಅನ್ನುತ್ತಾರೆ. ಹೆಸರು ಭಾರಿಯಾಯಿತು, ಕೇಳುವುದೇನೋ ನ್ಯಾಯವಾದದ್ದೇ.

ನಮ್ಮ ಕನ್ನಡದಲ್ಲೇ ಸಾರಾ ಅಬೂಬಕ್ಕರ್ ಅವರು 1980ರ ದಶಕದಲ್ಲಿ 'ಚಂದ್ರಗಿರಿಯ ತೀರದಲ್ಲಿ' ಬರೆದರಲ್ಲ! ಅಪ್ಪನ ಹಟಕ್ಕೆ ಮಗಳಿಗೆ ತಲಾಖ್ ಆಗುತ್ತದೆ. ಮತ್ತೆ ಗಂಡನ ಬಳಿಗೆ ಬರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕಂತೆ! ನಾದಿರಾಳ ಗತಿ ಏನಾಯಿತೆಂದು ನಾನು ಹೇಳುವುದಿಲ್ಲ, ವಾಚನಾಲಯದಿಂದ ತಂದು ಓದಿ.

ಅದು ಕಥೆ ಅಂತೀರಾ? ಉತ್ತರಾಖಂಡದ ಶಾಯರಾ ಬಾನೊಗೆ 2015ರಲ್ಲಿ ಗಂಡ ಅಂಚೆಯಲ್ಲೇ ತಲಾಖ್ ಕಳಿಸಿದ. ಆಕೆ ಸುಮ್ಮನೆ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದವರೂ ದನಿಗೂಡಿಸಿದರು. 2017ರ ಆಗಸ್ಟ್ 22ರಂದು ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಈ ಪದ್ಧತಿ ನಿಲ್ಲದು ಎಂದರು. ಕುರ್‌ಆನ್ ಒಪ್ಪದ್ದು ಷರೀಯತ್‌ನಲ್ಲಿ ಒಳ್ಳೆಯದಾಗಲಾರದು ಎಂದು ಆ ಮೂವರಲ್ಲೊಬ್ಬರು ಬರೆದರು.

2019ರ ಕಾನೂನು ಹಾಗೆ ತಲಾಖ್ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಅಂತು. ಅಪ್ಪ ಜೈಲಿಗೆ ಹೋದರೆ ಮಕ್ಕಳ ಅನ್ನಕ್ಕೆ ಯಾರು ಎಂದು ಹಲವರು ಕೇಳಿದರು. ನನಗೂ ಅದು ಸರಿಯಾದ ಪ್ರಶ್ನೆಯೇ ಅನ್ನಿಸುತ್ತೆ. 2024ರಲ್ಲಿ ಸುಪ್ರೀಂ ಕೋರ್ಟ್, ತಲಾಖ್ ಆದ ಮುಸ್ಲಿಂ ಹೆಂಗಸೂ ಮಿಕ್ಕವರಂತೆ ಜೀವನಾಂಶ ಕೇಳಬಹುದು ಎಂದಿತಲ್ಲ, ಮನೆ ನಡೆಸುವವಳಿಗೆ ಅದೇ ಹೆಚ್ಚು ಆಸರೆ.

ಇನ್ನು ಮೆಹರ್. ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಹಣ ಅದು. ಅದು ಅವಳದೇ ಸ್ವತ್ತು, ಸಂತೋಷದಿಂದ ಕೊಡಿ ಎಂದು ಅದೇ 'ಅನ್ನಿಸಾ'ದಲ್ಲಿದೆ. ಎಷ್ಟೋ ಮನೆಗಳಲ್ಲಿ ಮೆಹರ್ ಕಾಗದದಲ್ಲೇ ಉಳಿದು, ತಿರುಗಿ ಹೆಣ್ಣಿನವರೇ ವರದಕ್ಷಿಣೆ ತೆರುತ್ತಾರೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ನಿಕಾಹ್ ಇದ್ದರೆ, ಮೆಹರ್ ಎಷ್ಟು, ಎಂದು ಕೊಡುವುದು ಎಂಬುದನ್ನು ನಿಕಾಹ್‌ನಾಮಾದಲ್ಲಿ ಸ್ಪಷ್ಟವಾಗಿ ಬರೆಸಿ. ಒಂದು ಪ್ರತಿ ಹುಡುಗಿಯ ಪೆಟ್ಟಿಗೆಯಲ್ಲೇ ಇರಲಿ.